ಮೀನುಕೆರೆಯ ನೀರು ಕೆಟ್ಟಾಗ ದೋಷ ಹುಡುಕುವ ಕ್ರಮ: ಫೀಡ್ ಚೀಲದಿಂದ ತೋಡಿನವರೆಗೆ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ತೋಟಗಳಲ್ಲಿ ಮೀನುಕೆರೆಗೂ ಕೆಳಗಿನ ಮನೆಯ ಬಾವಿಗೂ ಹೆಚ್ಚು ದೂರ ಇರುವುದಿಲ್ಲ. ಗುಡ್ಡೆಯ ಬುಡದಲ್ಲಿ ಕೆರೆ, ಅದರ ಕೆಳಗೆ ಅಡಿಕೆ ತೋಟ, ತೋಟದ ಅಂಚಿನಲ್ಲಿ ತೋಡು (ಸಣ್ಣ ಹಳ್ಳ), ತೋಡಿಗೆ ಮಳೆ ಬಿಟ್ಟ ಮೇಲೆ ಹಾಕುವ ಕಟ್ಟ (ತಾತ್ಕಾಲಿಕ ಒಡ್ಡು), ಕಟ್ಟದ ನೀರು ಇಂಗಿ ತುಂಬುವ ಬಾವಿಗಳು. ಮೇಲಿನ ಕೆರೆಯಲ್ಲಿ ಕೆಟ್ಟದ್ದು ಕೆಳಗಿನವರ ಕೊಡಪಾನಕ್ಕೆ ಬರಲು ಬಹಳ ದಾರಿ ಬೇಕಿಲ್ಲ. ಆದ್ದರಿಂದ ಕೆರೆಯ ನೀರು ಹಸಿರುಗಟ್ಟಿದಾಗ, ಬೆಳಗಾತ ಮೀನು ಮೇಲೆ ಬಂದು ಬಾಯಿ ಬಿಡುವಾಗ, ತೋಡಿನ ಕಲ್ಲುಗಳ ಮೇಲೆ ನೂಲಿನಂಥ ಪಾಚಿ ಬೆಳೆದಾಗ ಮೀನು ಉಳಿಸುವುದರ ಜೊತೆಗೆ ನೀರನ್ನೂ ಉಳಿಸಬೇಕು. ಈ ಎರಡಕ್ಕೂ ಹುಡುಕಬೇಕಾದ ಕಾರಣ ಹೆಚ್ಚಿನ ಸಲ ಒಂದೇ.

ಇಲ್ಲಿ ಹೇಳುವ ಕ್ರಮ ತಿಲಾಪಿಯಾ, ಕಟ್ಲಾ, ರೋಹು, ಮೃಗಾಲ್, ಅಸ್ಸಾಂ ವಾಳ (ಪಂಗಾಸಿಯಸ್) ಸಾಕುವ ಮಣ್ಣಿನ ಕೆರೆಗಳಿಗೂ ಶೀಟು ಹಾಸಿದ ಕೆರೆಗಳಿಗೂ ಹೊಂದುತ್ತದೆ. ವ್ಯತ್ಯಾಸ ಇರುವಲ್ಲಿ ಬೇರೆಯಾಗಿ ಹೇಳಿದೆ.

ಮೊದಲು: ಇದು ಮೀನಿನಿಂದಲೇ ಬಂದ ದೋಷವೇ?

ಮುರಕಲ್ಲಿನ (ಲ್ಯಾಟರೈಟ್) ನೆಲದಲ್ಲಿ ನೀರಿನ ಮೇಲೆ ಎಣ್ಣೆಯಂತೆ ಹೊಳೆಯುವ, ಕಿತ್ತಳೆ ಅಂಚಿನ ಪದರ ಕಂಡು ಗಾಬರಿಯಾಗುವವರು ಬಹಳ ಮಂದಿ. ಒಂದು ಕೋಲು ಹಾಕಿ ಆ ಪದರವನ್ನು ಕದಡಿ ನೋಡಿ. ಅದು ಹೆಂಚಿನ ಚೂರಿನಂತೆ ತುಂಡುತುಂಡಾಗಿ ಬಿಟ್ಟುಕೊಂಡು ಹಾಗೇ ನಿಂತರೆ ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟಿದ ಪೊರೆ; ಒರತೆ ನೀರು ಬರುವ ಕಡೆ ಇದು ಸಹಜ, ಔಷಧಿ ಬೇಡ. ಕದಡಿದ ಕೂಡಲೇ ಮತ್ತೆ ಕೂಡಿಕೊಂಡರೆ ಎಣ್ಣೆ, ಪಂಪಿನ ಬುಡ ನೋಡಬೇಕು.

ಬೆಳಿಗ್ಗೆ ಹಸಿರಾಗಿದ್ದು ಬಿಸಿಲೇರಿದಾಗ ಇಟ್ಟಿಗೆ ಕೆಂಪಾಗುವ ಕೆನೆ ಬೇರೆಯದು. ಅದು ಯೂಗ್ಲೀನಾ ಎಂಬ ಸೂಕ್ಷ್ಮಜೀವಿ. ನೀರಿನಲ್ಲಿ ಸಾವಯವ ಕೊಳೆ ಜಾಸ್ತಿಯಾದುದರ ಸ್ಪಷ್ಟ ಗುರುತು, ಇದನ್ನು ಕಡೆಗಣಿಸಬಾರದು.

ಮೂರನೆಯದು ಹಟ್ಟಿ (ದನದ ಕೊಟ್ಟಿಗೆ). ಹಟ್ಟಿ ತೊಳೆದ ನೀರು, ಗೋಬರ್ ಗ್ಯಾಸಿನ ಬಗ್ಗಡ, ತೋಟಕ್ಕೆ ಗೊಬ್ಬರ ಹಾಕಿದ ಮರುವಾರದ ಮಳೆನೀರು ಕಣಿಯಲ್ಲಿ (ಸಣ್ಣ ಕಾಲುವೆಯಲ್ಲಿ) ಹರಿದು ಕೆರೆಗೆ ಸೇರುತ್ತಿದ್ದರೆ ಎಷ್ಟು ಫೀಡ್ ಕಡಿಮೆ ಮಾಡಿದರೂ ನೀರು ಸರಿಯಾಗುವುದಿಲ್ಲ. ಕೆರೆಗೆ ನೀರು ಬೀಳುವ ಜಾಗದಲ್ಲೇ ಒಂದು ಬಾಟಲಿ ಹಿಡಿದು ಅಮೋನಿಯ ಪರೀಕ್ಷಿಸಿ. ಒಳಬರುವ ನೀರೇ ಕಿಟ್‌ನಲ್ಲಿ ಬಣ್ಣ ತೋರಿಸಿದರೆ ಮೊದಲು ಆ ಕಣಿಯನ್ನು ತಿರುಗಿಸಬೇಕು, ಮಿಕ್ಕದ್ದು ಆಮೇಲೆ.

ಫೀಡ್ ಚೀಲದ ಲೆಕ್ಕ

ಒಳಬರುವ ನೀರು ಶುದ್ಧವಿದ್ದರೆ ಕೆರೆಯ ಮಾಲಿನ್ಯವೆಲ್ಲ ಬಂದದ್ದು ಚೀಲದಿಂದ. ಇದನ್ನು ಮನಸ್ಸಿಗೆ ತಂದುಕೊಳ್ಳದೆ ಔಷಧಿ ಅಂಗಡಿಗೆ ಹೋದರೆ ದುಡ್ಡು ಹಾಳು. ಲೆಕ್ಕ ಕಷ್ಟದ್ದಲ್ಲ. ಪ್ರೋಟೀನಿನ ತೂಕವನ್ನು 6.25ರಿಂದ ಭಾಗಿಸಿದರೆ ಸಾರಜನಕ ಸಿಗುತ್ತದೆ. 32 ಪ್ರತಿಶತ ಪ್ರೋಟೀನ್ ಇರುವ ಒಂದು ಕಿಲೋ ಫೀಡಿನಲ್ಲಿ ಸುಮಾರು 51 ಗ್ರಾಂ ಸಾರಜನಕ. ರಂಜಕ ಹತ್ತಿರ ಹತ್ತಿರ 10 ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಕಿಲೋ ಮೀನು ತನ್ನ ಮೈಯಲ್ಲಿ ಉಳಿಸಿಕೊಳ್ಳುವುದು ಸುಮಾರು 25 ಗ್ರಾಂ ಸಾರಜನಕ, 7 ಗ್ರಾಂ ರಂಜಕ. ಉಳಿದದ್ದು ನೀರಿಗೆ.

ಒಂದು ಕಿಲೋ ಮೀನಿಗೆ ಒಂದೂವರೆ ಕಿಲೋ ಫೀಡ್ ಖರ್ಚಾದರೆ ನೀರಿಗೆ ಬೀಳುವುದು ಸುಮಾರು 52 ಗ್ರಾಂ ಸಾರಜನಕ, 8 ಗ್ರಾಂ ರಂಜಕ. ಅದೇ ಮೀನಿಗೆ 2.2 ಕಿಲೋ ಖರ್ಚಾದರೆ 88 ಗ್ರಾಂ ಮತ್ತು 15 ಗ್ರಾಂ. ಫೀಡ್ ಏರಿದ್ದು ಒಂದೂವರೆ ಪಟ್ಟು ಕೂಡ ಅಲ್ಲ, ಹೊರಬಿದ್ದ ರಂಜಕ ಹೆಚ್ಚುಕಡಿಮೆ ಎರಡು ಪಟ್ಟು. ಸಿಹಿನೀರಿನಲ್ಲಿ ಪಾಚಿಯ ಬೆಳವಣಿಗೆಗೆ ಲಗಾಮು ಸಾಮಾನ್ಯವಾಗಿ ರಂಜಕದ್ದೇ ಆದ್ದರಿಂದ ತೋಡಿಗೆ ಈ ವ್ಯತ್ಯಾಸ ದೊಡ್ಡದು.

ನಿಮ್ಮ ಎಫ್‌ಸಿಆರ್, ಅಂದರೆ ಒಂದು ಕಿಲೋ ಮೀನು ಬೆಳೆಯಲು ಖರ್ಚಾಗುವ ಫೀಡಿನ ಕಿಲೋ, ಎಷ್ಟೆಂದು ತಿಳಿಯಲು ಹದಿನೈದು ದಿನಕ್ಕೊಮ್ಮೆ ಬೀಸುಬಲೆ ಹಾಕಿ 30ರಿಂದ 50 ಮೀನು ಹಿಡಿದು, ಬಕೆಟ್ಟಿನಲ್ಲಿ ಒಟ್ಟಿಗೆ ತೂಗಿ ಸರಾಸರಿ ತೆಗೆಯಬೇಕು. ಫೀಡ್ ಹಾಕುವ ಜಾಗದಲ್ಲಿ ಮಾತ್ರ ಬಲೆ ಬೀಸಿದರೆ ದೊಡ್ಡವೇ ಸಿಗುತ್ತವೆ, ಲೆಕ್ಕ ತಪ್ಪುತ್ತದೆ. ಮೂರು ನಾಲ್ಕು ಕಡೆ ಬೀಸಿ. ಎಫ್‌ಸಿಆರ್ 1.8 ದಾಟಿದ್ದರೆ ಈ ನಾಲ್ಕು ಕಾರಣಗಳಲ್ಲಿ ಒಂದು ಇದ್ದೇ ಇರುತ್ತದೆ.

ಮೀನಿನ ಸಂಖ್ಯೆ ತಪ್ಪಿರುವುದು ಎಲ್ಲಕ್ಕಿಂತ ಸಾಮಾನ್ಯ. ಬಿಟ್ಟದ್ದು ಸಾವಿರ ಮರಿ. ಮಿಂಚುಳ್ಳಿ, ನೀರುಕಾಗೆ, ಬೆಳ್ಳಕ್ಕಿ, ನೀರುನಾಯಿ ತಿಂದು, ಮೊದಲ ವಾರ ಸತ್ತು ಉಳಿದದ್ದು ಏಳುನೂರು. ಫೀಡ್ ಮಾತ್ರ ಸಾವಿರದ ಲೆಕ್ಕದಲ್ಲಿ ಬೀಳುತ್ತಿರುತ್ತದೆ. ಅಂದರೆ ಮುನ್ನೂರು ಮೀನಿನ ಊಟ ದಿನವೂ ನೇರವಾಗಿ ಕೆಸರಿಗೆ. ಕೆರೆಗೆ ಬಲೆ ಹೊದಿಸುವ ಖರ್ಚು ಇದರ ಮುಂದೆ ಸಣ್ಣದು.

ಎರಡನೆಯದು ಪ್ರಮಾಣ ಇಳಿಸದೆ ಇರುವುದು. ತಿಲಾಪಿಯಾಕ್ಕೆ 50 ಗ್ರಾಂ ಇರುವಾಗ ಮೈತೂಕದ 4ರಿಂದ 5 ಪ್ರತಿಶತ, 200 ಗ್ರಾಂ ಆದಾಗ 3ರ ಒಳಗೆ, 400 ಗ್ರಾಂ ದಾಟಿದ ಮೇಲೆ 1.5ರಿಂದ 2 ಪ್ರತಿಶತ ಸಾಕು. ತೇಲುವ ಫೀಡ್ ಹಾಕಿ 15ರಿಂದ 20 ನಿಮಿಷದಲ್ಲಿ ಮುಗಿಯದಿದ್ದರೆ ಅದು ಹೆಚ್ಚಾಯಿತೆಂದೇ ಅರ್ಥ. ಮೂರನೆಯದು ಪುಡಿ: ಚೀಲದ ತಳದ ಹುಡಿ ಮೀನಿನ ಬಾಯಿಗೆ ಸಿಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಜರಡಿ ಹಿಡಿದು ಬೇರೆ ಮಾಡಿ ತೋಟಕ್ಕೆ ಹಾಕಿ. ಆಟಿ ತಿಂಗಳ (ಜುಲೈ, ಆಗಸ್ಟ್) ತೇವದಲ್ಲಿ ನೆಲಕ್ಕೆ ತಾಗಿಸಿ ಇಟ್ಟ ಚೀಲ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ಮೀನು ಬಿಡುತ್ತದೆ, ತಿಂದರೆ ಕಾಯಿಲೆ. ಗೋಡೆಯಿಂದ ದೂರ, ಹಲಗೆಯ ಮೇಲೆ, ಒಂದು ತಿಂಗಳಿಗೆ ಬೇಕಾದಷ್ಟೇ ಇರಲಿ.

ನಾಲ್ಕನೆಯದು ಕೋಳಿ ಅಂಗಡಿಯ ತ್ಯಾಜ್ಯ. ಅಸ್ಸಾಂ ವಾಳ ಏನು ಹಾಕಿದರೂ ತಿನ್ನುತ್ತದೆ ಎಂದು ಕರುಳು, ಚರ್ಮ ಸುರಿಯುವವರಿದ್ದಾರೆ. ಅದರ ಕೊಬ್ಬು ನೀರಿನ ಮೇಲೆ ಪದರ ಕಟ್ಟುತ್ತದೆ, ಮಾಂಸ ತಳದಲ್ಲಿ ಕೊಳೆಯುತ್ತದೆ, ರೋಗಾಣು ತೋಡಿಗಿಳಿಯುತ್ತದೆ. ಇದಕ್ಕೆ ತಿದ್ದುಪಡಿ ಎಂಬುದಿಲ್ಲ, ನಿಲ್ಲಿಸಬೇಕು ಅಷ್ಟೆ.

ಬೆಳಿಗ್ಗೆ ಆರು, ಮಧ್ಯಾಹ್ನ ಮೂರು

ದಿನಕ್ಕೊಮ್ಮೆ ಮಾತ್ರ ನೀರು ಅಳೆದರೆ ನಮ್ಮ ಕಡೆಯ ಕೆರೆಗಳು ಮೋಸ ಮಾಡುತ್ತವೆ. ಮುರಕಲ್ಲಿನಿಂದ ಬರುವ ನೀರಿನಲ್ಲಿ ಸುಣ್ಣದ ಅಂಶ ಕಡಿಮೆ. ಕ್ಷಾರತೆ ಲೀಟರಿಗೆ 20ರಿಂದ 30 ಮಿಲಿಗ್ರಾಂ ಮಟ್ಟದಲ್ಲಿದ್ದರೆ ಪಿಎಚ್ ತಡೆದು ನಿಲ್ಲಿಸುವ ಶಕ್ತಿ ನೀರಿಗೆ ಇರುವುದಿಲ್ಲ. ಪಾಚಿ ದಟ್ಟವಾದ ಕೆರೆಯಲ್ಲಿ ಬೆಳಿಗ್ಗೆ ಆರಕ್ಕೆ 6.5 ಇದ್ದ ಪಿಎಚ್ ಮಧ್ಯಾಹ್ನ ಮೂರಕ್ಕೆ 9 ದಾಟಬಹುದು. ಅಮೋನಿಯದ ವಿಷ ಪಿಎಚ್ ಮೇಲೆ ನಿಂತಿದೆ. 28 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದ ಶೇಕಡ 1ಕ್ಕಿಂತ ಕಡಿಮೆ ಭಾಗ ವಿಷರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಸುಮಾರು 6.5 ಪ್ರತಿಶತ, 9ಕ್ಕೆ ಸುಮಾರು 40 ಪ್ರತಿಶತ. ಕಿಟ್ ತೋರಿಸುವುದು ಒಟ್ಟು ಅಮೋನಿಯವನ್ನು. ಬೆಳಿಗ್ಗೆ 1 ಮಿಲಿಗ್ರಾಂ ತೋರಿಸಿದ ನೀರು ನಿರಪಾಯ. ಅದೇ 1 ಮಿಲಿಗ್ರಾಂ ಮಧ್ಯಾಹ್ನ ಪಿಎಚ್ 9ರಲ್ಲಿ ಕಿವಿರು ಸುಡುತ್ತದೆ. ವಿಷರೂಪದ ಅಮೋನಿಯ ದಿನಗಟ್ಟಲೆ ಲೀಟರಿಗೆ 0.05 ಮಿಲಿಗ್ರಾಂ ಮೀರಿ ಇರಬಾರದು.

ಆದ್ದರಿಂದ ಪಿಎಚ್ ಎರಡು ಹೊತ್ತು, ಆಮ್ಲಜನಕ ಬೆಳಿಗ್ಗೆ ಸೂರ್ಯ ಏಳುವ ಮೊದಲು, ಅಮೋನಿಯ ಮಧ್ಯಾಹ್ನ ಅಳೆಯಬೇಕು. ಪಟ್ಟಿ ಕಾಗದ ಬೇಡ, ಹನಿ ಹಾಕುವ ಕಿಟ್ ತನ್ನಿ. ಕ್ಷಾರತೆಯ ಕಿಟ್ ಅದರ ಜೊತೆ ಇರಲಿ. ಪಾಚಿಯ ದಟ್ಟಣೆಗೆ 20 ಸೆಂಟಿಮೀಟರ್ ಅಗಲದ ತಟ್ಟೆಯನ್ನು ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಣ್ಣ ಕೊಟ್ಟು, ನಡುವೆ ಗಂಟು ಹಾಕಿದ ಹಗ್ಗ ಕಟ್ಟಿ ಇಳಿಸಿದರೆ ಸಾಕು. ಹತ್ತು ಗಂಟೆಯ ಬಿಸಿಲಿನಲ್ಲಿ ತಟ್ಟೆ 30ರಿಂದ 40 ಸೆಂಟಿಮೀಟರಿನಲ್ಲಿ ಮರೆಯಾದರೆ ಕೆರೆ ಹದದಲ್ಲಿದೆ. 20 ಸೆಂಟಿಮೀಟರ್ ಇಳಿಯುವ ಮೊದಲೇ ಮರೆಯಾದರೆ ಅಂದೇ ಫೀಡ್ ಅರ್ಧಕ್ಕಿಳಿಸಿ; ಸೆಗಣಿ, ಹಿಂಡಿ ಹಾಕುತ್ತಿದ್ದರೆ ನಿಲ್ಲಿಸಿ. ಬೆಳಗಿನ ಆಮ್ಲಜನಕ 3 ಮಿಲಿಗ್ರಾಂಗಿಂತ ಕೆಳಗಿದ್ದರೆ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರ ತನಕ ಏರೇಟರ್ (ನೀರಿಗೆ ಗಾಳಿ ಕೊಡುವ ಯಂತ್ರ) ಓಡಬೇಕು. ಹಗಲಿನಲ್ಲಿ ಪಾಚಿಯೇ ಆಮ್ಲಜನಕ ಕೊಡುತ್ತದೆ. ಕರೆಂಟು ರಾತ್ರಿಗೆ ಉಳಿಯಲಿ. ಮೋಡ ಮುಚ್ಚಿದ ಮಳೆಗಾಲದ ದಿನಗಳಲ್ಲಿ ಈ ಮಾತು ನಡೆಯುವುದಿಲ್ಲ, ಆಗ ಹಗಲೂ ಬೇಕು, ಫೀಡ್ ಅರ್ಧ ಸಾಕು.

ಒಂದು ಉದಾಹರಣೆ. 10 ಸೆಂಟ್ಸ್ ಕೆರೆ, ಸರಾಸರಿ 1.2 ಮೀಟರ್ ಆಳ: ಸುಮಾರು 480 ಘನ ಮೀಟರ್ ನೀರು. 200 ಗ್ರಾಂ ತೂಗುವ ಸಾವಿರ ತಿಲಾಪಿಯಾಕ್ಕೆ ದಿನಕ್ಕೆ 6 ಕಿಲೋ ಫೀಡ್. ಕಿಲೋಗೆ ಸುಮಾರು 30 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 180 ಗ್ರಾಂ ಅಮೋನಿಯ ಸಾರಜನಕ ಬರುತ್ತದೆ. ಪಾಚಿ, ಬ್ಯಾಕ್ಟೀರಿಯಾ ಯಾವುದೂ ಎತ್ತದಿದ್ದರೆ ಪ್ರತಿದಿನ ಲೀಟರಿಗೆ ಸುಮಾರು 0.37 ಮಿಲಿಗ್ರಾಂ ಏರಿಕೆ. ಮೂರು ದಿನಕ್ಕೆ 1 ಮಿಲಿಗ್ರಾಂ ದಾಟುತ್ತದೆ. ಪಾಚಿ ಒಮ್ಮೆಲೇ ಸತ್ತು ನೀರು ಹಸಿರಿನಿಂದ ಕಂದಿಗೆ ತಿರುಗಿ ಅಂಚಿನಲ್ಲಿ ನೊರೆ ಕಟ್ಟಿದಾಗ ಆಗುವುದು ಇದೇ: ಎತ್ತುವ ಕೈ ಇಲ್ಲವಾಗಿದೆ, ಫೀಡ್ ಮಾತ್ರ ಬೀಳುತ್ತಿದೆ. ಆಗ ಎರಡು ದಿನ ಫೀಡ್ ಪೂರ್ತಿ ನಿಲ್ಲಿಸಿ, ಏರೇಟರ್ ಇಡೀ ದಿನ ಓಡಿಸಿ. ಎರಡು ದಿನ ತಿನ್ನದಿದ್ದರೆ ಮೀನಿಗೆ ಏನೂ ಆಗುವುದಿಲ್ಲ.

ಶೀಟು ಹಾಸಿದ ಕೆರೆಯಲ್ಲಿ ಇನ್ನೊಂದು ಬಗೆಯ ಕುಸಿತವಿದೆ. ಒಂದು ಗ್ರಾಂ ಅಮೋನಿಯ ಸಾರಜನಕ ನೈಟ್ರೇಟ್ ಆಗಲು 4.57 ಗ್ರಾಂ ಆಮ್ಲಜನಕ, 7.14 ಗ್ರಾಂ ಕ್ಷಾರತೆ ತಿನ್ನುತ್ತದೆ. ಮೇಲಿನ 180 ಗ್ರಾಂ ಪೂರ್ತಿ ಹಾಗಾಗುವುದಾದರೆ ದಿನಕ್ಕೆ 1.3 ಕಿಲೋ ಸುಣ್ಣಕಲ್ಲಿಗೆ ಸಮನಾದಷ್ಟು ಕ್ಷಾರತೆ ಹೋಗುತ್ತದೆ; 25 ಮಿಲಿಗ್ರಾಂ ಇದ್ದ ಕೆರೆ ಹತ್ತು ದಿನದಲ್ಲಿ ಬರಿದು. ಬಳಿಕ ಪಿಎಚ್ 6ಕ್ಕಿಂತ ಕೆಳಗಿಳಿದು ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ, ಅಮೋನಿಯ ಗುಡ್ಡೆ ಬೀಳುತ್ತದೆ. ಕೃಷಿ ಸುಣ್ಣದ ಕಲ್ಲುಪುಡಿ ಅಥವಾ ಡೋಲಮೈಟ್ ಹಾಕಿ 60ರಿಂದ 80 ಮಿಲಿಗ್ರಾಂ ಕ್ಷಾರತೆ ಕಾಯ್ದುಕೊಳ್ಳಿ. ಈ ಕೆರೆಯಲ್ಲಿ 20 ಮಿಲಿಗ್ರಾಂ ಏರಿಸಲು ಸುಮಾರು 10 ಕಿಲೋ ಬೇಕು. ಎರಡು ಮೂರು ಕಂತಿನಲ್ಲಿ, ನೀರಿನಲ್ಲಿ ಕಲಸಿ ಎರಚಿ. ಕರಗಲು ದಿನಗಳು ಬೇಕು. ಮೀನಿರುವ ಕೆರೆಗೆ ಸುಟ್ಟ ಸುಣ್ಣ ಹಾಕಬಾರದು. ಅದು ಪಿಎಚ್ ಅನ್ನು ಒಂದೇ ಗಂಟೆಯಲ್ಲಿ ಮೇಲೆತ್ತಿ ಇದ್ದ ಅಮೋನಿಯವನ್ನೆಲ್ಲ ವಿಷ ಮಾಡುತ್ತದೆ.

ಬೆಲ್ಲದ ವಿಷಯ ಎಲ್ಲರೂ ಕೇಳುತ್ತಾರೆ. ಬೆಲ್ಲ ಹಾಕಿ ಬ್ಯಾಕ್ಟೀರಿಯಾ ಬೆಳೆಸಿ ಅವುಗಳಿಂದ ಅಮೋನಿಯ ಎತ್ತಿಸುವ ಬಯೋಫ್ಲಾಕ್ ರೀತಿಯಲ್ಲಿ ಒಂದು ಗ್ರಾಂ ಅಮೋನಿಯ ಸಾರಜನಕ ಹಿಡಿಯಲು ಸುಮಾರು 15 ಗ್ರಾಂ ಬೆಲ್ಲ ಬೇಕು. ದಿನದ 180 ಗ್ರಾಂಗೆ 2.7 ಕಿಲೋ ಬೆಲ್ಲ. 24 ಗಂಟೆ ಗಾಳಿ ಕೊಡುವ ಟ್ಯಾಂಕಿಯಲ್ಲಿ ಇದು ಕೆಲಸ ಮಾಡುತ್ತದೆ. ಏರೇಟರ್ ಇಲ್ಲದ ಕೆರೆಗೆ ಬೆಲ್ಲ ಸುರಿದರೆ ಬ್ಯಾಕ್ಟೀರಿಯಾ ರಾತ್ರೋರಾತ್ರಿ ಆಮ್ಲಜನಕವನ್ನೆಲ್ಲ ಎಳೆದುಬಿಡುತ್ತವೆ, ಬೆಳಗಾದಾಗ ಮೀನು ಬಿಳಿ ಹೊಟ್ಟೆ ಮೇಲೆ ಮಾಡಿರುತ್ತದೆ. ದಿನಕ್ಕೆ 2.7 ಕಿಲೋ ಬೆಲ್ಲ ಹಾಕುವುದಕ್ಕಿಂತ ಎರಡು ಕಿಲೋ ಫೀಡ್ ಉಳಿಸುವುದು ಕೆರೆಗೂ ಕಿಸೆಗೂ ಒಳ್ಳೆಯದು.

ಮೈಲುತುತ್ತು ಮುಟ್ಟಬೇಡಿ

ಕೊಳೆರೋಗಕ್ಕೆಂದು ಪ್ರತಿ ಅಡಿಕೆ ಬೆಳೆಗಾರರ ಮನೆಯಲ್ಲೂ ಮೈಲುತುತ್ತು (ತಾಮ್ರದ ಸಲ್ಫೇಟ್) ಇರುತ್ತದೆ. ಪಾಚಿ ಕೊಲ್ಲುತ್ತದೆ ಎಂಬುದೂ ನಿಜ. ಆದರೆ ಕ್ಷಾರತೆ 50ಕ್ಕಿಂತ ಕಡಿಮೆ ಇರುವ ನೀರಿನಲ್ಲಿ ತಾಮ್ರ ಪಾಚಿಗಿಂತ ಮೊದಲು ಮೀನನ್ನೇ ಹಿಡಿಯಬಹುದು, ನಮ್ಮ ನೀರು ಹೆಚ್ಚಾಗಿ ಅಂಥದ್ದೇ. ಮೀನು ಉಳಿದರೂ ಸತ್ತ ಪಾಚಿ ಕೊಳೆತು ಆಮ್ಲಜನಕ ತಿನ್ನುತ್ತದೆ, ಹಿಡಿದಿಟ್ಟ ಸಾರಜನಕ ರಂಜಕವನ್ನೆಲ್ಲ ಮತ್ತೆ ನೀರಿಗೆ ಬಿಡುತ್ತದೆ, ವಾರ ಎರಡು ವಾರದಲ್ಲಿ ಪಾಚಿ ವಾಪಸು. ಜೂನ್, ಜುಲೈಯಲ್ಲಿ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಿಸುವಾಗ ಕೆರೆಯ ಬದಿಯ ಸಾಲುಗಳಿಗೆ ಗಾಳಿಯ ದಿಕ್ಕು ನೋಡಿ ಹೊಡೆಯಿರಿ. ಡ್ರಮ್ಮು ತೊಳೆದ ನೀರು ಕೆರೆಗೂ ತೋಡಿಗೂ ಬೀಳದಿರಲಿ.

ತಳದ ಕೆಸರು

ಮೊಣಕೈಯುದ್ದದ ಪಿವಿಸಿ ಪೈಪನ್ನು ತಳಕ್ಕೆ ಒತ್ತಿ, ಮೇಲಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಎತ್ತಿ. ಪೈಪಿನಿಂದ ಜಾರಿಬಂದ ಕೆಸರಿನ ಮೇಲ್ಪದರ ಕಂದು ಅಥವಾ ಕೆಂಪಾಗಿದ್ದು ಅಡಿಯಲ್ಲಿ ಮಾತ್ರ ಕಪ್ಪಿದ್ದರೆ ಪರವಾಗಿಲ್ಲ. ಮೇಲಿನಿಂದಲೇ ಡಾಮರಿನಂತೆ ಕಪ್ಪಗಿದ್ದು, ಬೆರಳಿಗೆ ಜಾರಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದಲ್ಲಿ ಆಮ್ಲಜನಕ ಸತ್ತಿದೆ.

ಇದು ಬರೀ ವಾಸನೆಯ ವಿಷಯವಲ್ಲ. ನಮ್ಮ ಕೆಂಪುಮಣ್ಣಿನ ಕಬ್ಬಿಣ ರಂಜಕವನ್ನು ಗಟ್ಟಿಯಾಗಿ ಹಿಡಿದಿಡುತ್ತದೆ; ಮಣ್ಣಿನ ಕೆರೆಗೆ ಇದೊಂದು ದೊಡ್ಡ ವರ. ಆದರೆ ಆಮ್ಲಜನಕ ಇಲ್ಲವಾದಾಗ ಅದೇ ಕಬ್ಬಿಣ ರೂಪ ಬದಲಿಸಿ ಕರಗುತ್ತದೆ, ಹಿಡಿದ ರಂಜಕವನ್ನು ಕೈಬಿಡುತ್ತದೆ. ಫೀಡ್ ಕಡಿಮೆ ಮಾಡಿದ ಮೇಲೂ ಪಾಚಿ ಕಡಿಮೆಯಾಗುತ್ತಿಲ್ಲ ಎಂಬ ದೂರಿಗೆ ಮೂಲ ಇಲ್ಲಿದೆ. ಶೀಟಿನ ಕೆರೆಯಲ್ಲಿ ಹಿಡಿದಿಡುವ ಮಣ್ಣೇ ಇಲ್ಲದ್ದರಿಂದ ಕೆಸರನ್ನು ಹೊರತೆಗೆಯದೆ ಬೇರೆ ದಾರಿಯಿಲ್ಲ. ನಡುವೆ ತಗ್ಗು ಮಾಡಿ ಪೈಪಿಟ್ಟಿದ್ದರೆ ಫೀಡ್ ಹಾಕಿದ ಒಂದು ಗಂಟೆಯ ಬಳಿಕ, ನೀರಿನ ಬಣ್ಣ ತಿಳಿಯಾಗುವ ತನಕ ಒಂದೆರಡು ನಿಮಿಷ ವಾಲ್ವ್ ತೆರೆಯಿರಿ. ಪೈಪಿಲ್ಲದಿದ್ದರೆ ವಾರಕ್ಕೆರಡು ಸಲ ಒಂದೂವರೆ ಇಂಚಿನ ಹೋಸಿನಲ್ಲಿ ತಳದಿಂದ ಎಳೆಯಿರಿ.

ಹೊರಹೋಗುವ ನೀರು

ತೋಡಿಗೆ ಪೆಟ್ಟು ಬಿದ್ದಿದೆಯೇ ಎಂದು ನೋಡಲು ಮೂರು ಬಾಟಲಿ ಸಾಕು. ಕೆರೆಯ ನೀರು ತೋಡಿಗೆ ಸೇರುವ ಜಾಗದಿಂದ ಇಪ್ಪತ್ತು ಹೆಜ್ಜೆ ಮೇಲೊಂದು, ಸೇರುವಲ್ಲಿ ಒಂದು, ಐವತ್ತು ಮೀಟರ್ ಕೆಳಗೊಂದು. ಮೂರರಲ್ಲೂ ಅಮೋನಿಯ ನೋಡಿ, ಬಾಟಲಿಗಳನ್ನು ಒಂದು ಗಂಟೆ ಅಲುಗಾಡಿಸದೆ ಇಟ್ಟು ತಳದ ಗಸಿ ಹೋಲಿಸಿ. ಮೇಲಿನದಕ್ಕೂ ಕೆಳಗಿನದಕ್ಕೂ ವ್ಯತ್ಯಾಸ ಇದ್ದರೆ ಅದು ನಿಮ್ಮದೇ. ಫೆಬ್ರವರಿ, ಮಾರ್ಚ್‌ನಲ್ಲಿ ಹರಿವು ನೂಲಿನಷ್ಟಾದಾಗ ಈ ಪರೀಕ್ಷೆ ಮಾಡಬೇಕು. ಆಗ ಕಟ್ಟದ ಹಿಂದೆ ನಿಂತ ನೀರಿಗೆ ಸೇರಿದ್ದು ಮಳೆ ಬರುವ ತನಕ ಅಲ್ಲೇ ಇರುತ್ತದೆ. ಕಟ್ಟಕ್ಕಿಂತ ಮೇಲೆ ಹೊರಗಂಡಿ ಇರುವವರು ಬೇಸಿಗೆಯಲ್ಲಿ ಒಂದು ಹನಿಯನ್ನೂ ತೋಡಿಗೆ ಬಿಡದಿರುವುದೇ ಸರಿ.

ಬಿಡಬೇಕಾದ ನೀರಿಗೆ ಗುಂಡಿ ಬೇಕು. 2 ಮೀಟರ್ ಉದ್ದ, ಒಂದೂವರೆ ಅಗಲ, ಒಂದು ಮೀಟರ್ ಆಳದ ಗುಂಡಿಗೆ 3,000 ಲೀಟರ್ ಹಿಡಿಯುತ್ತದೆ; ದಿನಕ್ಕೆ ಹೊರಹಾಕುವ ಕೆಸರುನೀರು ಕನಿಷ್ಠ ಒಂದು ಹಗಲು ಅಲ್ಲಿ ನಿಲ್ಲುವಂತೆ ಅಳತೆ ಮಾಡಿಕೊಳ್ಳಿ. ನೀರು ಒಂದು ಕೊನೆಯಲ್ಲಿ ಬಿದ್ದು ಇನ್ನೊಂದು ಕೊನೆಯಲ್ಲಿ ಮೇಲಿನಿಂದ ತೆಳ್ಳಗೆ ಹರಿದು ಹೋಗಬೇಕು. ಎರಡೂ ಪೈಪು ಒಂದೇ ಬದಿಗಿದ್ದರೆ ಗಸಿ ಕೂರದೆ ಹಾಗೇ ದಾಟುತ್ತದೆ, ಹೆಚ್ಚಿನ ಗುಂಡಿಗಳು ಸೋಲುವುದು ಈ ಕಾರಣಕ್ಕೆ. ಅಲ್ಲಿಂದ ನೀರು ಬಾಳೆ, ಕೆಸು, ಲಾವಂಚದ ಸಾಲಿಗೆ, ಮತ್ತೆ ಅಡಿಕೆ ಬುಡಕ್ಕೆ. ತಿಲಾಪಿಯಾ ಇದ್ದರೆ ಹೊರಗಂಡಿಗೆ ಸಣ್ಣ ಕಣ್ಣಿನ ಜಾಲರಿ ಎರಡು ಪದರ ಇರಲೇಬೇಕು. ತೋಡಿಗಿಳಿದ ಮರಿಯನ್ನು ಹಿಂದೆ ತರಲಾಗದು. ಮೇ ಕೊನೆಗೆ ಕೆರೆಯ ಮಟ್ಟವನ್ನು ಒಂದು ಅಡಿ ಇಳಿಸಿ, ಆ ನೀರನ್ನು ತೋಟಕ್ಕೆ ಕೊಟ್ಟುಬಿಟ್ಟರೆ ಮೊದಲ ಮಳೆಗೆ ಕೆರೆ ಉಕ್ಕಿ ಹರಿಯುವುದು ತಪ್ಪುತ್ತದೆ.

ಬಾವಿಯ ನೀರಿನ ಬಗ್ಗೆ ಕೆಳಗಿನವರು ದೂರಿದರೆ ವಾದಕ್ಕಿಳಿಯಬೇಡಿ, ಅಳೆಯಿರಿ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ನೈಟ್ರೇಟ್ ಹೆಚ್ಚಿದ್ದ ಮಾತ್ರಕ್ಕೆ ಕೆರೆಯೇ ಕಾರಣವಲ್ಲ, ಹಟ್ಟಿಗುಂಡಿ, ಕಕ್ಕಸುಗುಂಡಿಯೂ ಆಗಬಹುದು. ಕೆರೆ ಸೋರುತ್ತಿದೆಯೇ ಎಂದು ತಿಳಿಯಲು ಮಳೆಯಿಲ್ಲದ ದಿನ ಒಂದು ಬಕೆಟ್ಟಿಗೆ ಕಲ್ಲಿಟ್ಟು, ಕೆರೆಯೊಳಗೆ ಮೆಟ್ಟಲಿನ ಮೇಲೆ ಕೂರಿಸಿ, ಒಳಗೂ ಹೊರಗೂ ನೀರು ಒಂದೇ ಮಟ್ಟಕ್ಕೆ ತುಂಬಿಸಿ ಗುರುತು ಹಾಕಿ. 24 ಗಂಟೆಯ ಬಳಿಕ ಬಕೆಟ್ಟಿನಲ್ಲಿ ಇಳಿದದ್ದು ಆವಿ. ಹೊರಗೆ ಅದಕ್ಕಿಂತ ಹೆಚ್ಚು ಇಳಿದದ್ದು ಸೋರಿಕೆ. 10 ಸೆಂಟ್ಸ್ ಕೆರೆಯಲ್ಲಿ ದಿನಕ್ಕೆ ಒಂದು ಸೆಂಟಿಮೀಟರ್ ಸೋರಿಕೆ ಎಂದರೆ 4,000 ಲೀಟರ್. ಮುರಕಲ್ಲಿನ ತೂತುಗಳಲ್ಲಿ ಅದು ಎಲ್ಲಿಗೂ ಹೋಗಬಹುದು, ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗಕ್ಕೂ. ಹಾಗಿದ್ದರೆ ಮುಂದಿನ ಬೆಳೆಗೆ ಮೊದಲು ತಳಕ್ಕೆ ಜೇಡಿಮಣ್ಣು ಬಡಿದು ಗಟ್ಟಿ ಮಾಡಬೇಕು, ಇಲ್ಲವೇ ಶೀಟು ಹಾಸಬೇಕು.

ಮೀನು ಹಿಡಿಯುವಾಗ

ಇಡೀ ವರ್ಷದ ಎಚ್ಚರವನ್ನು ಒಂದೇ ದಿನ ಹಾಳು ಮಾಡುವುದು ಕೊಯಿಲು. ಮೇಲಿನ ಮುಕ್ಕಾಲು ಭಾಗ ನೀರು ಹೆಚ್ಚುಕಡಿಮೆ ತಿಳಿಯಾಗಿರುತ್ತದೆ. ಬಲೆ ಎಳೆದು ಕೆಸರು ಕಲಕಿದ ಕೊನೆಯ ಕಾಲು ಭಾಗದಲ್ಲಿ ಗಸಿ, ರಂಜಕ ಎಲ್ಲಕ್ಕಿಂತ ದಟ್ಟ. ಮುಕ್ಕಾಲು ಭಾಗವನ್ನು ನಿಧಾನವಾಗಿ ಮೇಲಿನಿಂದ ಪಂಪು ಮಾಡಿ ತೋಟಕ್ಕೆ ಕೊಡಿ. ಬಲೆ ಎಳೆದ ಮೇಲೆ ಉಳಿದ ನೀರನ್ನು ಎರಡು ಮೂರು ದಿನ ಹಾಗೇ ಬಿಟ್ಟು, ಗಸಿ ಕುಳಿತ ಮೇಲೆ ಅದನ್ನೂ ತೋಟಕ್ಕೇ.

ತೋಟಕ್ಕೆ ಇದು ಎಷ್ಟು ಎಂಬ ಲೆಕ್ಕ ಹೀಗೆ. ಅಡಿಕೆಗೆ ಶಿಫಾರಸು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕದ ಪೆಂಟಾಕ್ಸೈಡ್ (ಗೊಬ್ಬರದಲ್ಲಿ ರಂಜಕವನ್ನು ಲೆಕ್ಕ ಹಾಕುವ ರೂಪ), 140 ಗ್ರಾಂ ಪೊಟ್ಯಾಶ್. 400 ಕಿಲೋ ಮೀನು ಒಳ್ಳೆಯ ಎಫ್‌ಸಿಆರ್‌ನಲ್ಲಿ ಬೆಳೆದರೂ ಹೊರಬಿಡುವುದು ಸುಮಾರು 21 ಕಿಲೋ ಸಾರಜನಕ, 3.2 ಕಿಲೋ ರಂಜಕ. ಪೆಂಟಾಕ್ಸೈಡ್ ಲೆಕ್ಕದಲ್ಲಿ 7.3 ಕಿಲೋ. ಸಾರಜನಕದ ಒಂದು ಪಾಲು ಗಾಳಿಗೆ ಹೋಗುತ್ತದೆ, ರಂಜಕ ಹೆಚ್ಚಿನದು ಕೆಸರಿನಲ್ಲಿರುತ್ತದೆ. ಎಲ್ಲವೂ ಸಿಕ್ಕಿದರೆ ಸುಮಾರು 180ರಿಂದ 210 ಮರಗಳ ಪಾಲು. ಹಾಗಾಗಿ ಐವತ್ತು ಮರಗಳ ಬುಡಕ್ಕೆ ವರ್ಷವಿಡೀ ಅದೇ ನೀರು ಹಾಯಿಸಿದರೆ ತೋಟವೂ ಹಿಡಿಯದೆ ಬಿಡುತ್ತದೆ, ಮಳೆಗೆ ತೋಡಿಗೇ ಬರುತ್ತದೆ. ಸಾಲು ಬದಲಿಸುತ್ತಾ ಹೋಗಿ, ಆ ಮರಗಳಿಗೆ ಯೂರಿಯಾ, ರಾಕ್ ಫಾಸ್ಫೇಟ್ ಅಷ್ಟು ಕಡಿಮೆ ಮಾಡಿ. ಪೊಟ್ಯಾಶ್ ಮಾತ್ರ ಎಂದಿನಂತೆ ಹಾಕಬೇಕು, ಕೆರೆಯ ನೀರಿನಿಂದ ಅದು ಸಾಕಷ್ಟು ಸಿಗದು.

ಕೆರೆ ಬರಿದಾದ ಮೇಲೆ ತಳ ಬಿರುಕು ಬಿಡುವ ತನಕ ಒಣಗಲಿ. ಬಿಸಿಲು, ಗಾಳಿ ತಾಗಿದರೆ ಕಪ್ಪು ಕೆಸರು ಮತ್ತೆ ಕೆಂಪಾಗುತ್ತದೆ, ಕಬ್ಬಿಣ ರಂಜಕವನ್ನು ಮತ್ತೆ ಹಿಡಿಯುತ್ತದೆ. ಒಣಗಿದ ಮೇಲ್ಪದರವನ್ನು ಹಾರೆಯಿಂದ ಕೆರೆದು ಅಡಿಕೆ ಬುಡಕ್ಕೆ ಹಾಕಿ ಸೊಪ್ಪು ಮುಚ್ಚಿ; ದಂಡೆಯ ಮೇಲೆ ರಾಶಿ ಹಾಕಿದರೆ ಜೂನಿನ ಮೊದಲ ಮಳೆ ಅದನ್ನು ವಾಪಸು ಕೆರೆಗೇ ತರುತ್ತದೆ. ತಳದ ಮಣ್ಣಿನ ಪಿಎಚ್ 5ರಿಂದ 6ರ ನಡುವೆ ಇದ್ದರೆ ಸೆಂಟಿಗೆ 4ರಿಂದ 8 ಕಿಲೋ ಕೃಷಿ ಸುಣ್ಣ ಹರಡಿ, ಕೊತ್ತಿ ಬೆರೆಸಿ, ಹದಿನೈದು ದಿನ ಬಿಟ್ಟು ನೀರು ತುಂಬಿಸಿ.